ಹಳೆಯ ಟ್ಯಾಂಕಿಗೆ ಹೊಂದುವ ಕೊಂಡಿ

ಎತ್ತಿನ ಗಾಡಿಯ ಗಾಲಿ ಕೆಟ್ಟರೆ ಊರಿನ ಬಡಗಿಯು ಹಳೆಯದನ್ನು ಮುಂದಿಟ್ಟುಕೊಂಡು, ಆ ಗಾಡಿಗೆ ಒಪ್ಪುವಂತೆ ಮರವನ್ನು ಕೆತ್ತಿ ಕೂಡಿಸುತ್ತಾನೆ. ಅದು ಪಕ್ಕದ ಮನೆಯ ಗಾಡಿಗೆ ಹೊಂದದಿದ್ದರೆ ಯಾರೂ ಅವನನ್ನು ದೂರುವುದಿಲ್ಲ. ಕಾರ್ಖಾನೆಯ ಕ್ರಮವೇ ಬೇರೆ. ಅಲ್ಲಿ ಒಂದೇ ನಮೂನೆಯ ಸಾವಿರಾರು ಭಾಗಗಳು ತಯಾರಾಗುತ್ತವೆ. ಅವುಗಳಲ್ಲಿ ಯಾವುದನ್ನು ಕೈಗೆತ್ತಿಕೊಂಡರೂ ಅದು ಆ ನಮೂನೆಯ ಯಾವ ಯಂತ್ರಕ್ಕಾದರೂ ಹೊಂದಬೇಕು. ಆದರೆ ಕಾರ್ಖಾನೆಯು ಆ ನಮೂನೆಯನ್ನೇ ಕೈಬಿಟ್ಟು ಅರ್ಧ ಶತಮಾನ ಕಳೆದ ಮೇಲೆ ಒಂದು ಭಾಗ ಮುರಿದರೆ ಏನು ಮಾಡಬೇಕು? ಹಿಂದಿನ ಯುದ್ಧಗಳ ಟ್ಯಾಂಕುಗಳನ್ನು ಮತ್ತೆ ನಡೆಯುವಂತೆ ಮಾಡಲು ಹೊರಟವರ ಮುಂದೆ ನಿಲ್ಲುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕುವಾಗ ಗುಜರಿ ಅಂಗಡಿಯ ಪರಿಚಯ ಎಷ್ಟು ಬೇಕೋ ಭೌತಶಾಸ್ತ್ರದ ಪರಿಚಯವೂ ಅಷ್ಟೇ ಬೇಕು.

ಹೊಲದಿಂದ ರಣರಂಗಕ್ಕೆ

ನಮ್ಮ ಲಕ್ಕವಳ್ಳಿಯಲ್ಲಿ 1947ರಿಂದ 1965ರವರೆಗೆ ಕಟ್ಟಲ್ಪಟ್ಟ ಭದ್ರಾ ಅಣೆಕಟ್ಟೆಯನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅಷ್ಟು ದೊಡ್ಡ ಮಣ್ಣಿನ ಕೆಲಸ ನಡೆಯುವಲ್ಲೆಲ್ಲ ಬುಲ್‌ಡೋಜರುಗಳು ಬೇಕಾಗುತ್ತವೆ. ರಬ್ಬರು ಗಾಲಿ ಹೂತುಹೋಗುವ ಕೆಸರಿನಲ್ಲಿಯೂ ಅವು ನಡೆಯಬಲ್ಲವು. ಅವುಗಳ ಗಾಲಿಗಳನ್ನು ಉಕ್ಕಿನ ಕೊಂಡಿಗಳ ಪಟ್ಟಿಯೊಂದು ಸುತ್ತುವರಿದಿರುತ್ತದೆ. ಚಾಲಕರು ಅದನ್ನು ‘ಚೈನು’ ಎನ್ನುತ್ತಾರೆ. ಯಂತ್ರವು ತನ್ನ ದಾರಿಯನ್ನು ತಾನೇ ಹಾಸಿಕೊಂಡು, ಅದರ ಮೇಲೆ ಉರುಳಿ, ಹಿಂದಿನಿಂದ ಮತ್ತೆ ಎತ್ತಿಕೊಳ್ಳುತ್ತದೆ. ಅಮೆರಿಕದ ಬೆಂಜಮಿನ್ ಹೋಲ್ಟ್ ಎಂಬವನು 1904ರಲ್ಲಿ ಇಂತಹ ಟ್ರ್ಯಾಕ್ಟರನ್ನು ಹೊಲದಲ್ಲಿ ನಡೆಸಿ ನೋಡಿದನು. 1916ರ ಸೆಪ್ಟೆಂಬರಿನಲ್ಲಿ ಇದೇ ತತ್ತ್ವದ ಮೇಲೆ ರಚಿತವಾದ ಬ್ರಿಟಿಷ್ ಟ್ಯಾಂಕುಗಳು ಫ್ರಾನ್ಸಿನ ರಣರಂಗಕ್ಕಿಳಿದವು.

ಚೈನಿನ ಪ್ರಯೋಜನವನ್ನು ಸಣ್ಣದೊಂದು ಲೆಕ್ಕದಿಂದ ತಿಳಿಯಬಹುದು. ಸೋವಿಯತ್ ನಿರ್ಮಿತ ಟಿ-55 ಟ್ಯಾಂಕಿನ ತೂಕ ಸುಮಾರು 36 ಟನ್ನು. ಅದರ ಒಂದೊಂದು ಚೈನಿನ ಅಗಲ 58 ಸೆಂಟಿಮೀಟರು. ನೆಲಕ್ಕೆ ತಾಗುವ ಉದ್ದ ಸುಮಾರು 384 ಸೆಂಟಿಮೀಟರು. ಎರಡೂ ಸೇರಿ ಸುಮಾರು 44,500 ಚದರ ಸೆಂಟಿಮೀಟರು ನೆಲವನ್ನು ಒತ್ತುತ್ತವೆ. ಭಾಗಿಸಿ ನೋಡಿದರೆ ಚದರ ಸೆಂಟಿಮೀಟರಿಗೆ ಬೀಳುವ ಭಾರ 0.81 ಕಿಲೋಗ್ರಾಂ ಮಾತ್ರ. ಸಾಧಾರಣ ಕಾರಿನ ಟೈರಿನ ಕೆಳಗೆ ಇದರ ಎರಡು ಪಟ್ಟಿಗೂ ಮೀರಿದ ಒತ್ತಡವಿರುತ್ತದೆ!

ಕನ್ನಡ ನಾಡಿಗೂ ಟ್ಯಾಂಕಿನ ಇತಿಹಾಸಕ್ಕೂ ಹತ್ತಿರದ ನಂಟುಂಟು. 1948ರ ನವೆಂಬರ್ 1ರಂದು ಮಡಿಕೇರಿಯವರಾದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು 11,500 ಅಡಿಗೂ ಮಿಗಿಲಾದ ಎತ್ತರದ ಜೋಜಿಲಾ ಕಣಿವೆಗೆ 7ನೆಯ ಲೈಟ್ ಕ್ಯಾವಲ್ರಿಯ ಸ್ಟೂಅರ್ಟ್ ಟ್ಯಾಂಕುಗಳನ್ನು ಹತ್ತಿಸಿದರು. ಗುಟ್ಟು ಬಯಲಾಗದಂತೆ ಅವುಗಳ ಮೇಲಿನ ಗೋಪುರಗಳನ್ನು ಬೇರ್ಪಡಿಸಿ ಸಾಗಿಸಲಾಗಿತ್ತು. ಬೆಂಗಳೂರನ್ನು ಕೇಂದ್ರವಾಗಿ ಉಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯವರು ಹೇಸರಗತ್ತೆಯ ಹಾದಿಯನ್ನು ಟ್ಯಾಂಕು ಹೋಗುವಷ್ಟು ಅಗಲಿಸಿದರು. ಅಂತಹ ಏರಿನಲ್ಲಿ ಚೈನಿನ ಒಂದೇ ಒಂದು ಪಿನ್ನು ಮುರಿದಿದ್ದರೂ ವಾಹನವು ಹಿಡಿತ ತಪ್ಪುತ್ತಿತ್ತು, ಹಿಂದಿನವುಗಳ ದಾರಿಯೂ ಕಟ್ಟುತ್ತಿತ್ತು. ತಿಮ್ಮಯ್ಯನವರ ಮನೆಯಾದ ಮಡಿಕೇರಿಯ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿ ಟಿ-55 ಟ್ಯಾಂಕೊಂದನ್ನು ಪ್ರದರ್ಶನಕ್ಕಿಡಲಾಗಿದೆ. ಇಂತಹ ಟ್ಯಾಂಕನ್ನು ನಡೆಸಬೇಕೆಂದರೆ ಯಾವ ಯಾವ ಭಾಗಗಳು ಬೇಕಾದಾವು ಎಂದು ಈಗ ವಿಚಾರಿಸೋಣ.

ಚೈನಿನ ಲೆಕ್ಕ

ಮೊದಲು ಸವೆಯುವುದು ಚೈನು. ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗಿರುವ ದೂರವನ್ನು ಪಿಚ್ಚು ಎನ್ನುತ್ತಾರೆ. ಟಿ-55ರ ಮೂಲ ಚೈನಿನಲ್ಲಿ ಇದು 137 ಮಿಲಿಮೀಟರು. ಒಂದು ಬದಿಗೆ ಸುಮಾರು 90 ಕೊಂಡಿಗಳು. ಪಿನ್ನೂ ಅದರ ರಂಧ್ರವೂ ಸವೆದು ಪ್ರತಿ ಕೊಂಡಿಯಲ್ಲಿ 3 ಮಿಲಿಮೀಟರು ಸಡಿಲವಾದರೆ ಇಡೀ ಚೈನು 270 ಮಿಲಿಮೀಟರು, ಎಂದರೆ ಹೆಚ್ಚುಕಡಿಮೆ ಎರಡು ಕೊಂಡಿಗಳಷ್ಟು, ಉದ್ದವಾಗುತ್ತದೆ.

ಎಡಗಡೆಗೆ ಹೊಸ ಚೈನು ತೊಡಿಸಿ ಬಲಗಡೆಗೆ ಸವೆದುದನ್ನೇ ಉಳಿಸಿದರೆ ಏನಾದೀತು? ಚೈನನ್ನು ಎಳೆಯುವ ಹಲ್ಲುಚಕ್ರಕ್ಕೆ 13 ಹಲ್ಲುಗಳು. ಹಲ್ಲಿಗೊಂದು ಕೊಂಡಿಯಂತೆ ಒಂದು ಸುತ್ತಿಗೆ ಎಡಗಡೆ 1,781 ಮಿಲಿಮೀಟರೂ ಬಲಗಡೆ 1,820 ಮಿಲಿಮೀಟರೂ ಸರಿಯುತ್ತದೆ. ವ್ಯತ್ಯಾಸ 39 ಮಿಲಿಮೀಟರು. ನೂರು ಸುತ್ತಿಗೆ ಸುಮಾರು 4 ಮೀಟರು. ಚಾಲಕನು ನೇರವಾಗಿ ಹೋಗಲು ಎಷ್ಟೇ ಬಯಸಿದರೂ ಟ್ಯಾಂಕು ಎಡಕ್ಕೆ ಎಳೆಯುತ್ತಲೇ ಇರುತ್ತದೆ. ಸವೆದ ಚೈನಿನ ನಡುವೆ ಒಂದೇ ಒಂದು ಹೊಸ ಕೊಂಡಿಯನ್ನು ಸೇರಿಸಿದರೂ ಹಲ್ಲು ಅಲ್ಲಿ ಸರಿಯಾಗಿ ಕೂರದು. ಆದುದರಿಂದ ಭಾಗವು ಹೊಸದು ಎಂದಮಾತ್ರಕ್ಕೆ ಹೊಂದುವುದೆಂದು ತಿಳಿಯಬಾರದು. ಅದು ಜೊತೆಯ ಭಾಗಗಳ ಇಂದಿನ ಅಳತೆಗೆ ಒಪ್ಪಬೇಕು.

ಮುಂದೆ ಇದೇ ಟ್ಯಾಂಕಿಗೆ ರಬ್ಬರು ಒಳಪದರವುಳ್ಳ ಮತ್ತೊಂದು ಬಗೆಯ ಚೈನು ಬಂದಿತು. ಅದಕ್ಕೆ ಬೇಕಾದುದು 14 ಹಲ್ಲಿನ ಚಕ್ರ. ಟಿ-55ರ ಚೈನು ಎಂಬ ಹೆಸರನ್ನು ಮಾತ್ರ ನಂಬಿ ಕೊಂಡವನು ಹಲ್ಲುಚಕ್ರಗಳನ್ನೂ ಬದಲಾಯಿಸಬೇಕಾಗುತ್ತದೆ.

ಕಣ್ಣಿಗೆ ಹೊಂದಿದರೆ ಸಾಲದು

ಬೋಲ್ಟು ಮತ್ತು ನಟ್ಟುಗಳ ವಿಷಯದಲ್ಲಿ ಮೋಸ ಇನ್ನೂ ಸೂಕ್ಷ್ಮವಾದುದು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ಥ್ ಸೂಚಿಸಿದ ಥ್ರೆಡ್ಡಿನ ಕೋನ 55 ಡಿಗ್ರಿ. ಅಮೆರಿಕದ್ದು 60 ಡಿಗ್ರಿ. ಅರ್ಧ ಅಂಗುಲದ ಬೋಲ್ಟಿನಲ್ಲಿ ಬ್ರಿಟಿಷರದು ಅಂಗುಲಕ್ಕೆ 12 ಸುತ್ತು, ಅಮೆರಿಕನ್ನರದು 13. ಇವು ಒಂದಕ್ಕೊಂದು ಹೊಂದುವುದಿಲ್ಲವೆಂದು ಕೈಗೇ ತಿಳಿಯುತ್ತದೆ. ಅಪಾಯವಿರುವುದು ಮೂರು ಎಂಟಾಂಶ ಅಂಗುಲದಂತಹ ಅಳತೆಗಳಲ್ಲಿ. ಅಲ್ಲಿ ಎರಡರಲ್ಲಿಯೂ ಅಂಗುಲಕ್ಕೆ 16 ಸುತ್ತುಗಳೇ. ನಟ್ಟು ಸರಾಗವಾಗಿ ಏರುತ್ತದೆ, ಬಿಗಿಯೂ ಆಗುತ್ತದೆ. ಆದರೆ ಕೋನಗಳು ಬೇರೆಯಾದುದರಿಂದ ಲೋಹಕ್ಕೆ ಲೋಹವು ಪೂರ್ತಿಯಾಗಿ ತಾಗದೆ, ಭಾರವೆಲ್ಲ ಕಿರಿದಾದ ಅಂಚಿನ ಮೇಲೆ ಬೀಳುತ್ತದೆ. ಅದು ಬಿಟ್ಟುಕೊಳ್ಳುವುದು ವಾಹನವು ಇಳಿಜಾರಿನಲ್ಲಿರುವಾಗ! ಎರಡನೆಯ ಮಹಾಯುದ್ಧದಲ್ಲಿ ಈ ಭೇದದಿಂದ ಬಹಳ ತೊಂದರೆ ಅನುಭವಿಸಿದ ಬ್ರಿಟನ್, ಅಮೆರಿಕ, ಕೆನಡಾಗಳು 1948ರ ನವೆಂಬರಿನಲ್ಲಿ ಸಮಾನ ಥ್ರೆಡ್ಡೊಂದನ್ನು ಒಪ್ಪಿಕೊಂಡವು. ಅದಕ್ಕೆ ಹಿಂದಿನ ವಾಹನಗಳಲ್ಲಿ ಹಳೆಯ ಭೇದವು ಹಾಗೆಯೇ ಉಳಿದಿದೆ.

ಅಳತೆ ಸರಿಯಿದ್ದರೂ ಲೋಹ ಬೇರೆಯಾಗಿರಬಹುದು. ಟಿ-55ರ ಮೂಲ ಕೊಂಡಿಗಳು ನೂರಕ್ಕೆ ಸುಮಾರು 13 ಭಾಗ ಮ್ಯಾಂಗನೀಸ್ ಬೆರೆತ ಉಕ್ಕಿನವು. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಈ ಉಕ್ಕಿನ ಗುಣ ವಿಚಿತ್ರವಾದುದು: ಪೆಟ್ಟು ತಿಂದಷ್ಟೂ ಅದರ ಮೈ ಗಟ್ಟಿಯಾಗುತ್ತ ಹೋಗುತ್ತದೆ. ಸಾಮಾನ್ಯ ಉಕ್ಕಿನಲ್ಲಿ ಎರಕ ಹೊಯ್ದ ಕೊಂಡಿಯು ನೋಟಕ್ಕೆ ಅದರ ಅವಳಿಯಂತಿದ್ದರೂ ಬೇಗನೆ ಸವೆಯುವುದು. ಇವೆರಡನ್ನು ಗುರುತಿಸಲು ಶಾಲೆಯ ಪ್ರಯೋಗಶಾಲೆಯ ಅಯಸ್ಕಾಂತವೇ ಸಾಕು. ಸಾಮಾನ್ಯ ಉಕ್ಕಿಗೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮ್ಯಾಂಗನೀಸ್ ಉಕ್ಕಿಗೆ ಹಾಗೆ ಅಂಟುವುದಿಲ್ಲ.

ಎಲ್ಲಿ ಹುಡುಕಬೇಕು?

ಕೆಲವು ಭಾಗಗಳು ನಾವು ಎಣಿಸಿದ್ದಕ್ಕಿಂತ ಸುಲಭವಾಗಿ ದೊರೆಯುತ್ತವೆ. ಬಾಲ್ ಬೇರಿಂಗುಗಳನ್ನು ಪ್ರಪಂಚದಲ್ಲೆಲ್ಲ ಗೊತ್ತಾದ ಅಳತೆಗಳಲ್ಲಿ ತಯಾರಿಸುತ್ತಾರೆ. 6205 ಎಂಬ ಸಂಖ್ಯೆಯ ಬೇರಿಂಗಿನ ಒಳವ್ಯಾಸ 25 ಮಿಲಿಮೀಟರು, ಹೊರವ್ಯಾಸ 52, ದಪ್ಪ 15. ಯಾವ ದೇಶದ್ದಾದರೂ ಅಷ್ಟೇ. ಹಳೆಯ ಬೇರಿಂಗಿನ ಮೇಲಿನ ಗುರುತು ಅಳಿಸಿಹೋಗಿದ್ದರೂ ಈ ಮೂರು ಅಳತೆಗಳನ್ನು ಬರೆದುಕೊಂಡು ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಅದನ್ನು ಕೂಡಿಸುವ ಉಪಾಯವು ನಮ್ಮ ಕಮ್ಮಾರರಿಗೆ ಹೊಸದಲ್ಲ. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟೆಯನ್ನು ಕಾಯಿಸಿ ತೊಡಿಸುವಂತೆಯೇ ಬೇರಿಂಗನ್ನೂ ಬಿಸಿಮಾಡಿ ತೊಡಿಸುತ್ತಾರೆ. 100 ಮಿಲಿಮೀಟರು ಒಳವ್ಯಾಸದ ಉಕ್ಕಿನ ಬಳೆಯು 80 ಡಿಗ್ರಿ ಕಾದರೆ ಸುಮಾರು 0.1 ಮಿಲಿಮೀಟರು ಹಿಗ್ಗುತ್ತದೆ. ಅಷ್ಟೇ ಸಾಕು; ಸುತ್ತಿಗೆಯ ಪೆಟ್ಟು ಬೇಕಿಲ್ಲ.

ಎಂಜಿನ್ನಿನ ಅದೃಷ್ಟವು ಅದರ ಹುಟ್ಟನ್ನು ಅವಲಂಬಿಸಿದೆ. ಅಮೆರಿಕದ ಷರ್ಮನ್ ಟ್ಯಾಂಕಿನ ಎಂ4ಎ2 ನಮೂನೆಯಲ್ಲಿದ್ದುದು ಜನರಲ್ ಮೋಟರ್ಸಿನ ಎರಡು ಡೀಸೆಲ್ ಎಂಜಿನ್ನುಗಳು. ಅದೇ ಎಂಜಿನ್ನು ಬಸ್ಸು, ದೋಣಿಗಳಲ್ಲಿಯೂ ದುಡಿದುದರಿಂದ ಅದರ ಬಿಡಿಭಾಗಗಳು ಬಹುಕಾಲ ಬಾಳಿದವು. ಎಂ4ಎ4 ನಮೂನೆಯಲ್ಲಾದರೋ ಐದು ಕಾರಿನ ಎಂಜಿನ್ನುಗಳನ್ನು ಒಂದಾಗಿಸಿ 30 ಸಿಲಿಂಡರುಗಳ ಯಂತ್ರವನ್ನು ಮಾಡಿದ್ದರು. ಟಿ-55ರ 580 ಅಶ್ವಶಕ್ತಿಯ ಎಂಜಿನ್ನೂ ಮುಂದಿನ ಟಿ-72ರ 780 ಅಶ್ವಶಕ್ತಿಯ ಎಂಜಿನ್ನೂ ಒಂದೇ ವಂಶದವು. ಆದರೂ ಎಲ್ಲ ಭಾಗಗಳನ್ನೂ ಅದಲುಬದಲು ಮಾಡಲಾಗದು. ಅಣ್ಣನ ಅಂಗಿ ತಮ್ಮನಿಗೆ ಆಗಿಯೇ ತೀರಬೇಕೆಂಬ ನಿಯಮವುಂಟೆ?

ಎಲ್ಲಿಯೂ ಸಿಗದಿದ್ದಾಗ ಉಳಿಯುವ ದಾರಿಗಳು ಎರಡು: ಹೊಸದಾಗಿ ಮಾಡಿಸುವುದು, ಇಲ್ಲವೆ ಮತ್ತೊಂದು ಹಳೆಯ ವಾಹನದಿಂದ ಕಿತ್ತು ತರುವುದು. ಎರಡನೆಯದರಲ್ಲಿ ಒಂದು ನಷ್ಟವಿದೆ. 1943ರಲ್ಲಿ ಟ್ಯುನೀಷಿಯದಲ್ಲಿ ಸೆರೆಸಿಕ್ಕ ಜರ್ಮನ್ ಟೈಗರ್ ಟ್ಯಾಂಕೊಂದು ಇಂಗ್ಲೆಂಡಿನ ಬೋವಿಂಗ್ಟನ್ ಸಂಗ್ರಹಾಲಯದಲ್ಲಿ ಇಂದಿಗೂ ನಡೆಯುತ್ತದೆ. ಆದರೆ ಅದರಲ್ಲಿರುವುದು ಮೂಲದ 21 ಲೀಟರಿನ ಎಂಜಿನ್ನಲ್ಲ, ಟೈಗರ್-2 ಎಂಬ ಬೇರೊಂದು ಟ್ಯಾಂಕಿನ 23 ಲೀಟರಿನದು. ಮೂರು ಕಳೇಬರಗಳಿಂದ ನಡೆಯುವ ಟ್ಯಾಂಕೊಂದನ್ನು ಮಾಡಿದರೆ, ಮೂರು ವಾಹನಗಳು ಹೇಗಿದ್ದವೆಂಬ ಸಾಕ್ಷ್ಯವು ಅಳಿದು ಒಂದು ಯಂತ್ರ ಉಳಿಯುತ್ತದೆ. ಆದುದರಿಂದ ವಿವೇಕಿಗಳು ತೆಗೆದ ಭಾಗವನ್ನು ಎಸೆಯದೆ ಚೀಟಿ ಕಟ್ಟಿ ಇಡುತ್ತಾರೆ, ಹಾಕಿದ ಭಾಗದ ಮೇಲೆ ವರ್ಷವನ್ನು ಕೆತ್ತುತ್ತಾರೆ, ಅಳತೆಗಳನ್ನು ಬರೆದಿಡುತ್ತಾರೆ.

ಈ ಕೊನೆಯ ಕೆಲಸವೇ ಎಲ್ಲಕ್ಕಿಂತ ಮುಖ್ಯವಾದುದು. ಉಕ್ಕು ತುಕ್ಕು ಹಿಡಿದರೂ ಅಳತೆ ಉಳಿದಿದ್ದರೆ ಆ ಭಾಗವನ್ನು ಮತ್ತೆ ಮಾಡಬಹುದು. ಅಳತೆಯೇ ಕಳೆದುಹೋದರೆ ಮುಂದಿನವರಿಗೆ ಬರಿಯ ಆಕಾರ ಉಳಿಯುತ್ತದೆ. ಆಕಾರವನ್ನು ನಂಬಿದ ಬೋಲ್ಟು ಏನು ಮಾಡೀತೆಂಬುದನ್ನು ಆಗಲೇ ಕಂಡಿದ್ದೇವೆ. ಕ್ಯಾಲಿಪರನ್ನು ಸರಿಯಾಗಿ ಓದಲು ಬಲ್ಲ ವಿದ್ಯಾರ್ಥಿಯು ತನ್ನ ಊರಿನ ಮೂಲೆಯಲ್ಲಿ ಬಿದ್ದಿರುವ ಹಳೆಯ ಎಣ್ಣೆ ಎಂಜಿನ್ನನ್ನೋ ಅಕ್ಕಿ ಗಿರಣಿಯನ್ನೋ ಅಳೆದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಆ ಪುಟಗಳು ಮುಂದೊಂದು ದಿನ ಅದನ್ನು ದುರಸ್ತಿ ಮಾಡುವವನ ಕೈಗೆ ದೀಪವಾಗುತ್ತವೆ.