ಖಾಕಿ ಕಳಚಿದರೂ ಕಾಡು ಬಿಡದ ರೇಂಜರ್

ಲೋಕಾಪುರ: ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ‘ಫಾರೆಸ್ಟ್‌ನವರು’ ಅಂದರೆ ಸಾಕು, ಮುಖ ಸಿಂಡರಿಸುವವರೇ ಹೆಚ್ಚು. ಕಟಗಿ ತರಾಕ ಹೋದ್ರ ಹಿಡೀತಾರ, ಕುರಿ ಬಿಟ್ರ ಕೇಸ್ ಹಾಕ್ತಾರ, ದೊಡ್ಡವರ ಲಾರಿ ಹೋದ್ರ ಸುಮ್ಮನಿರ್ತಾರ! ಇದು ಎಲ್ಲ ಊರಿನ ದೂರು. ದೂರು ಪೂರ್ತಿ ಸುಳ್ಳೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ ಅದೇ ಖಾಕಿ ತೊಟ್ಟು ದೊಡ್ಡವರಿಗೇ ಎದುರು ನಿಂತ ರೇಂಜರ್ ಒಬ್ಬರು ಈ ನಾಡಿನಲ್ಲಿದ್ದರು. ಹೆಸರು ಕೆ.ಎಂ. ಚಿಣ್ಣಪ್ಪ. 2024ರ ಫೆಬ್ರವರಿಯಲ್ಲಿ ಕೊಡಗಿನಲ್ಲಿ ತೀರಿಕೊಂಡರು. ನಮ್ಮ ಕಡೆ ಅವರ ಹೆಸರು ಕೇಳಿದವರು ಕಡಿಮೆ. ಅದಕ್ಕೇ ಈ ನಾಲ್ಕು ಮಾತು.

ಚಿಣ್ಣಪ್ಪನವರು ಕೊಡಗಿನ ಮಗ. 1967ರಲ್ಲಿ ಅರಣ್ಯ ಇಲಾಖೆಯ ಕೆಳದರ್ಜೆಯ ನೌಕರಿಗೆ ಸೇರಿದರು. ನಾಗರಹೊಳೆ ಆಗ ಹೆಸರಿಗೆ ಮಾತ್ರ ಅಭಯಾರಣ್ಯ. ಕಾಡಿನ ನಡುವಿನ ಜೌಗು ಹಡ್ಲುಗಳಲ್ಲಿ ಭತ್ತದ ನಾಟಿ, ಬಯಲಲ್ಲೆಲ್ಲ ದನಗಳ ಹಿಂಡು, ಇರುಳಾದರೆ ಬೇಟೆಗಾರರ ಬ್ಯಾಟರಿ ಬೆಳಕು, ಬೆಳಗಾದರೆ ಕದ್ದ ಮರದ ಬುಡ. ಹುಲಿ ಕಾಣುವುದಿರಲಿ, ಜಿಂಕೆಯೂ ಮನುಷ್ಯನ ವಾಸನೆಗೇ ಓಡುತ್ತಿತ್ತು.

ಇವರು ಮಾಡಿದ್ದೇನು? ಮಂತ್ರ ಹಾಕಲಿಲ್ಲ. ಕಾಡಿನೊಳಗೇ ಉಳಿದರು. ಗಾರ್ಡು, ವಾಚರ್‌ಗಳನ್ನು ಕರಕೊಂಡು ರಾತ್ರಿ ಗಸ್ತು ತಿರುಗಿದರು. ಬೇಟೆ ತಡೆಯುವ ಕ್ಯಾಂಪುಗಳನ್ನು ಕಟ್ಟಿದರು, ಬೇಸಿಗೆಗೆ ಮೊದಲೇ ಬೆಂಕಿ ರೇಖೆ ಕಡಿಸಿದರು. ದನ ಹೊರಗೆ ಹೋದವು, ಹಡ್ಲಿನ ಬೇಸಾಯ ನಿಂತಿತು. ಅಲ್ಲಿ ಹುಲ್ಲು ಬೆಳೆಯಿತು, ಹುಲ್ಲಿಗೆ ಜಿಂಕೆ, ಕಾಟಿ ಬಂದವು, ಅವುಗಳ ಬೆನ್ನಿಗೆ ಹುಲಿ ಬಂತು. ಲೆಕ್ಕ ಇಷ್ಟೇ. ಉಲ್ಲಾಸ ಕಾರಂತರು ಅಲ್ಲಿ ಹುಲಿಗಳ ಅಧ್ಯಯನ ನಡೆಸಿ ಜಗತ್ತಿಗೆ ತೋರಿಸಲು ಸಾಧ್ಯವಾದದ್ದು, ಇಂಥವರು ಮೊದಲು ಕಾಡನ್ನು ಉಳಿಸಿಕೊಟ್ಟಿದ್ದರಿಂದ.

ಇದಕ್ಕೆ ಸಿಕ್ಕ ಬಹುಮಾನ ಏನು ಗೊತ್ತೇನ್ರಿ? ಬೈಗುಳ, ಆರೋಪ, ಬೆದರಿಕೆ. 1992ರಲ್ಲಿ ಸಿಟ್ಟಿಗೆದ್ದ ಗುಂಪು ನಾಗರಹೊಳೆಗೇ ಬೆಂಕಿ ಇಟ್ಟಿತು. ಜೀವಮಾನ ಕಾಯ್ದ ಕಾಡು ಕಣ್ಣೆದುರಿಗೇ ಉರಿಯಿತು. ಮರುವರ್ಷ ಚಿಣ್ಣಪ್ಪನವರು ತಾವಾಗಿಯೇ ನೌಕರಿ ಬಿಟ್ಟರು.

ಬೇರೆಯವರಾಗಿದ್ದರೆ ಪಿಂಚಣಿ, ತೋಟ ನೋಡಿಕೊಂಡು ಕೂಡುತ್ತಿದ್ದರು. ಇವರು ‘ವೈಲ್ಡ್‌ಲೈಫ್ ಫಸ್ಟ್’ ಸಂಸ್ಥೆಯ ಮುಂದಾಳಾಗಿ ಕುದುರೆಮುಖದ ಕಬ್ಬಿಣದ ಗಣಿಯ ಮೇಲೆ ಹೋದರು. ಅದು ಕೇಂದ್ರ ಸರಕಾರದ್ದೇ ಕಂಪನಿ! ಗಣಿಯ ಕೆಸರು ಭದ್ರಾ ಹೊಳೆಗೆ ಇಳಿಯುತ್ತಿದೆ ಎಂಬುದು ತಕರಾರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ತೀರ್ಪಿನ ತಲೆಯ ಮೇಲೆ ಇಂದಿಗೂ ಇರುವುದು ಈ ಹಳೇ ರೇಂಜರರ ಹೆಸರೇ. ಗಣಿ ನಂಬಿದ್ದ ಊರಿನ ಕೆಲಸ ಹೋದದ್ದೂ ನಿಜ. ಸುಣ್ಣದ ಕಲ್ಲು, ಸಿಮೆಂಟ್ ನೆಚ್ಚಿದ ನಮ್ಮ ಭಾಗದವರಿಗೆ ಆ ನೋವು ಬಿಡಿಸಿ ಹೇಳಬೇಕಿಲ್ಲ. ಆದರೆ ಹೊಳೆ ಕೆಟ್ಟರೆ ಕೆಳಗಿನ ಊರೆಲ್ಲ ಕೆಡುತ್ತದೆ ಎಂಬ ಮಾತೂ ಅಷ್ಟೇ ನಿಜ.

ಅವರ ಅನುಭವಗಳನ್ನು ಟಿ.ಎಸ್. ಗೋಪಾಲ್ ‘ಕಾಡಿನೊಳಗೊಂದು ಜೀವ’ ಎಂಬ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಓದುವ ಹುಡುಗರು ಹುಡುಕಿ ಓದಲಿ.

ನಾಗರಹೊಳೆ ದೂರ, ನಮಗ್ಯಾಕ ಅನ್ನಬೇಡಿ. ಮುಧೋಳ, ಬೀಳಗಿ ಸೀಮೆಯ ಯಡಹಳ್ಳಿ ಕುರುಚಲು ಗುಡ್ಡ ಇಂದು ಚಿಂಕಾರ ವನ್ಯಧಾಮ. ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್. ಆನೆ, ಹುಲಿ ಇಲ್ಲ, ಖರೆ. ಚಿಂಕಾರ ಇದೆ, ತೋಳ ಇದೆ, ಕತ್ತೆಕಿರುಬ ಇದೆ. ಅಲ್ಲಿಯೂ ಬಿಸಿಲಿನಲ್ಲಿ ತಿರುಗುವ ಗಾರ್ಡು, ವಾಚರ್‌ಗಳಿದ್ದಾರೆ. ಕುರಿಗಾರರೊಂದಿಗೆ ಜಗಳ ಬರುವುದು ಅವರಿಗೇ, ಬೆಂಕಿ ಬಿದ್ದರೆ ಸೊಪ್ಪು ಹಿಡಿದು ಓಡುವವರೂ ಅವರೇ.

ಪ್ರತಿ ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ. ಅಂದು ಹಾರ ಹಾಕಿ ಭಾಷಣ ಮಾಡಿದರೆ ಮುಗಿಯಿತೇ? ತಪ್ಪು ಮಾಡಿದ ಸಿಬ್ಬಂದಿಯನ್ನು ಕೇಳೋಣ, ಬಿಡುವುದು ಬೇಡ. ಆದರೆ ನೆಟ್ಟಗೆ ಕೆಲಸ ಮಾಡುವ ಗಾರ್ಡು ಒಬ್ಬ ದೊಡ್ಡವರ ಲಾರಿ ತಡೆದು ನಿಂತಾಗ ಊರು ಯಾರ ಕಡೆ ನಿಲ್ಲುತ್ತದೆ? ಚಿಣ್ಣಪ್ಪನವರಿಗೆ ನಿಜವಾದ ಶ್ರದ್ಧಾಂಜಲಿ ಆ ದಿನ ಗೊತ್ತಾಗುತ್ತದೆ.