ಮತ್ತೆ ಕುಡಿದ ಮಾರನೇ ದಿನ

ಹತ್ತು ತಿಂಗಳು ಇಪ್ಪತ್ತು ದಿನ ಕುಡಿಯದೆ ಇದ್ದೆ. ಮಂಡ್ಯ ಕಡೆಯ ಒಂದು ಬೀಗರೂಟದಲ್ಲಿ, ತೋಟದ ಪಂಪ್‌ಹೌಸ್ ಹಿಂದೆ, ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟ ಒಂದು ನೈಂಟಿ ಕುಡಿದೆ. ಕೊಟ್ಟ ಬಾಮೈದ ಕೆಟ್ಟವನಲ್ಲ. 'ಇವತ್ತೊಂದಿನ ಏನಾಗಲ್ಲ ಬನ್ನಿ ಭಾವ' ಅಂದ, ಅಷ್ಟೇ. ಆ ಸಂಜೆ ನಿಜಕ್ಕೂ ಏನೂ ಆಗಲಿಲ್ಲ. ಹೆಂಡತಿ ತವರಲ್ಲೇ ಉಳಿದಳು, ನಾನು ಬಸ್ ಹತ್ತಿ ಬೆಂಗಳೂರಿಗೆ ಬಂದೆ. ಆಗಿದ್ದೆಲ್ಲಾ ಮಾರನೇ ದಿನ. 'ಹೇಗೂ ಹೋಯ್ತಲ್ಲ' ಅಂದುಕೊಂಡು ಹನ್ನೊಂದು ಗಂಟೆಗೆ ವೈನ್ ಶಾಪ್ ಮುಂದೆ ನಿಂತಿದ್ದೆ. ಆಮೇಲೆ ನಾಲ್ಕು ದಿನ ಬಿಡಲಿಲ್ಲ.

ಕುಡಿತದ ಬಗ್ಗೆ ನಮ್ಮಲ್ಲಿ ಎರಡೇ ಥರದ ಕಥೆಗಳಿವೆ. ಕುಡಿದು ಹಾಳಾದವನದು ಒಂದು, ಬಿಟ್ಟು ಉದ್ಧಾರವಾದವನದು ಇನ್ನೊಂದು. ಬಿಟ್ಟು, ಮತ್ತೆ ಕುಡಿದು, ಮತ್ತೆ ಬಿಡಲು ನೋಡುತ್ತಿರುವವನ ಕಥೆಯನ್ನು ಯಾರೂ ವೇದಿಕೆ ಮೇಲೆ ಹೇಳಿಸುವುದಿಲ್ಲ. ಬಿಟ್ಟವರಲ್ಲಿ ಬಹಳಷ್ಟು ಮಂದಿ ಇರುವುದು ಮಾತ್ರ ಅಲ್ಲೇ. ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆ ಹೇಳುವ ಪ್ರಕಾರ, ವ್ಯಸನಕ್ಕೆ ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60ರಷ್ಟು ಜನರಿಗೆ ಅದು ಮರುಕಳಿಸುತ್ತದೆ. ಬಿಪಿ, ಅಸ್ತಮಾದಂಥ ದೀರ್ಘಕಾಲದ ಕಾಯಿಲೆಗಳಲ್ಲೂ ಪರಿಸ್ಥಿತಿ ಹೆಚ್ಚುಕಡಿಮೆ ಹೀಗೇ ಇದೆ. ಆದರೆ ಬಿಪಿ ಮತ್ತೆ ಏರಿತು ಅಂತ ಯಾರೂ ಯಾರಿಗೂ 'ನಿನ್ನ ಜನ್ಮಕ್ಕಿಷ್ಟು' ಅನ್ನುವುದಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆ ನೋಡಬೇಕು. ಒಂದು ಸಲ ಎಡವುವುದು ಬೇರೆ, ಎಡವಿದವನು ಮತ್ತೆ ಹಳೇ ಕುಡಿತಕ್ಕೇ ಹೋಗಿ ಬೀಳುವುದು ಬೇರೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್, ಜೂಡಿತ್ ಗಾರ್ಡನ್ ಜೊತೆ ಸೇರಿ 1985ರಲ್ಲಿ ಮರುಕಳಿಕೆ ತಡೆಯುವ ಬಗ್ಗೆಯೇ ಒಂದು ಪುಸ್ತಕ ತಂದರು. ಎಡವಿದವನನ್ನು ಕೆಳಗೆ ಬೀಳಿಸುವುದರಲ್ಲಿ ಮೊದಲ ಲೋಟದಷ್ಟೇ ಪಾತ್ರ, ಆ ಲೋಟಕ್ಕೆ ಅವನು ಕೊಡುವ ಅರ್ಥದ್ದೂ ಇರುತ್ತದೆ ಅನ್ನುವುದು ಅವರ ವಾದದ ತಿರುಳು. 'ಇದೊಂದು ತಪ್ಪಾಯ್ತು' ಅಂದುಕೊಂಡವನು ನಿಲ್ಲಿಸಬಲ್ಲ. 'ನಾನೇ ಇಷ್ಟು, ನನ್ನ ಹಣೆಬರಹವೇ ಇಷ್ಟು' ಅಂದುಕೊಂಡವನಿಗೆ ನಾಚಿಕೆ ತಡೆಯಲಾಗುವುದಿಲ್ಲ. ಆ ನಾಚಿಕೆ ಮರೆಯಲು ಅವನಿಗೆ ಗೊತ್ತಿರುವ ಔಷಧಿ ಒಂದೇ. ಸೋಮವಾರ ಹನ್ನೊಂದು ಗಂಟೆಗೆ ನನ್ನನ್ನು ಅಂಗಡಿ ಮುಂದೆ ನಿಲ್ಲಿಸಿದ್ದು ಇದೇ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಎಳೆಯೂ ಸೇರಿಕೊಳ್ಳುತ್ತದೆ, ಆಣೆ. ಕುಡಿತ ಬಿಡಿಸುವುದಕ್ಕೆ ಮಂಜುನಾಥನ ಮೇಲೋ ಮಾದಪ್ಪನ ಮೇಲೋ ಮಕ್ಕಳ ತಲೆ ಮೇಲೋ ಆಣೆ ಹಾಕಿಸುತ್ತೇವೆ. ನಾನೂ ಅಮ್ಮನ ಮುಂದೆ ದೇವರ ಫೋಟೋ ಮುಟ್ಟಿದ್ದೆ. ಆಣೆಗೆ ಶಕ್ತಿ ಇಲ್ಲ ಅಂತ ನಾನು ಹೇಳುವುದಿಲ್ಲ. ಮೊದಲ ಎರಡು ತಿಂಗಳು ನನ್ನನ್ನು ಹಿಡಿದು ನಿಲ್ಲಿಸಿದ್ದೇ ಅದು. ತೊಂದರೆ ಶುರುವಾಗುವುದು ಅದು ಮುರಿದ ಮೇಲೆ. ಕಾಯಿಲೆ ಮರುಕಳಿಸಿದ್ದು ದೈವದ್ರೋಹವಾಗಿಬಿಡುತ್ತದೆ. ದ್ರೋಹ ಮಾಡಿದವನು ಡಾಕ್ಟರ ಹತ್ತಿರ ಹೋಗ್ತಾನಾ? ಬಚ್ಚಿಡ್ತಾನೆ. ನಾಲ್ಕು ದಿನ ನಾನು ಮಾಡಿದ್ದೂ ಅದನ್ನೇ. ಹೆಂಡತಿ ಫೋನ್ ಮಾಡಿದಾಗಲೆಲ್ಲಾ 'ಮೀಟಿಂಗಲ್ಲಿದೀನಿ' ಅಂತ ಮೆಸೇಜ್ ಹಾಕುತ್ತಿದ್ದೆ.

ಗುರುವಾರ ಅವಳು ಬಂದಳು. ಬಾಗಿಲು ತೆರೆದ ತಕ್ಷಣ ಅವಳಿಗೆ ಗೊತ್ತಾಯಿತು. ಬೈಯಲಿಲ್ಲ ಅಂತೇನಿಲ್ಲ, ಆದರೆ ಅದಕ್ಕೂ ಮೊದಲು ಕೇಳಿದ್ದು ಮೂರು ಪ್ರಶ್ನೆ: 'ಎಷ್ಟು ದಿನದಿಂದ? ದಿನಕ್ಕೆ ಎಷ್ಟು? ಕೊನೇದು ಯಾವಾಗ?' ಮನೆಯವರು ಕೇಳಬೇಕಾದದ್ದು ಇದನ್ನೇ ಅಂತ ಆಮೇಲೆ ಡಾಕ್ಟರ್ ಹೇಳಿದರು. ಯಾಕೆ ಅನ್ನುವುದು ನೋಡಿ.

ದಿನಗಟ್ಟಲೆ ಜೋರಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಮಿದುಳು ಸುಮ್ಮನಿರುವುದಿಲ್ಲ. ಆಲ್ಕೋಹಾಲ್ ನರಗಳನ್ನು ಮಂದ ಮಾಡುತ್ತದೆ, ಮಿದುಳು ಅದಕ್ಕೆ ಎದುರಾಗಿ ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ಆಲ್ಕೋಹಾಲ್ ತೆಗೆದರೆ ಉಳಿಯುವುದು ಬರೀ ವೇಗ. ಆರೆಂಟು ಗಂಟೆಯಲ್ಲಿ ಕೈ ನಡುಕ, ಬೆವರು, ಓಕರಿಕೆ. ಮೊದಲೆರಡು ದಿನದಲ್ಲಿ ಕೆಲವರಿಗೆ ಫಿಟ್ಸ್. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿದಂತಾಗಿ ಇಲ್ಲದ್ದು ಕಾಣುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಬಿಡುವುದು, ಕುಡಿಯುವುದು, ಮತ್ತೆ ಬಿಡುವುದು ಪದೇಪದೇ ಆದರೆ ಈ ಲಕ್ಷಣಗಳು ಹಿಂದಿನ ಸಲಕ್ಕಿಂತ ಜೋರಾಗಬಹುದು. ಹಾಗಾಗಿ ರೂಮಿನಲ್ಲಿ ಕೂಡಿಹಾಕಿ 'ಇಳೀಲಿ ಬಿಡು' ಅನ್ನುವುದು ಚಿಕಿತ್ಸೆಯಲ್ಲ. ಆಸ್ಪತ್ರೆಯಲ್ಲಿ ನಡುಕ ಇಳಿಸುವ ಮಾತ್ರೆ ಕೊಡುತ್ತಾರೆ, ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಕುಡಿಯುವವರಲ್ಲಿ ಅದರ ಕೊರತೆ ಸಾಮಾನ್ಯ, ತೀರಾ ಕಡಿಮೆಯಾದರೆ ನೆನಪಿನ ಶಕ್ತಿಗೇ ಶಾಶ್ವತ ಪೆಟ್ಟು ಬೀಳುತ್ತದೆ.

ಇದರ ಉಲ್ಟಾ ಅಪಾಯವೂ ಇದೆ. ತಿಂಗಳುಗಟ್ಟಲೆ ಬಿಟ್ಟವನ ದೇಹಕ್ಕೆ ಹಳೇ ಅಳತೆ ತಡೆಯುವ ತಾಕತ್ತು ಇರುವುದಿಲ್ಲ, ಕೈಗೆ ಮಾತ್ರ ಹಳೇ ಅಳತೆಯೇ ನೆನಪಿರುತ್ತದೆ.

ಇನ್ನು ಗೋಡೆ ಮೇಲಿನ ಜಾಹೀರಾತುಗಳ ವಿಷಯ. 'ಅವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು' ಅನ್ನುವುದನ್ನು ನೀವೂ ಓದಿರುತ್ತೀರಿ. ಡೈಸಲ್ಫಿರಾಮ್ ಅನ್ನುವ ಮಾತ್ರೆಯನ್ನು ಹೀಗೆ ಗುಟ್ಟಾಗಿ ಸಾರಿಗೆ ಬೆರೆಸುವ ಮನೆಗಳಿವೆ. ಆಲ್ಕೋಹಾಲ್ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಆಮೇಲೆ ಕರಗಿಹೋಗಬೇಕು. ಈ ಮಾತ್ರೆ ಆ ಎರಡನೇ ಹಂತವನ್ನು ತಡೆಯುತ್ತದೆ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಹೀಗಾಗಬಹುದು. ಗೊತ್ತಿದ್ದು, ಒಪ್ಪಿ, ಡಾಕ್ಟರ್ ಕಣ್ಗಾವಲಲ್ಲಿ ತಗೊಂಡವರಿಗೆ ಇದು ಒಳ್ಳೆಯ ಕಾವಲು. ಗೊತ್ತಿಲ್ಲದೆ ತಿಂದು ಮೇಲೆ ಒಂದು ಕ್ವಾರ್ಟರ್ ಏರಿಸಿದವನು ಸಾಯಲೂಬಹುದು. ಹಪಹಪಿ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅನ್ನುವ ಬೇರೆ ಮಾತ್ರೆಗಳಿವೆ. ಯಾರಿಗೆ ಯಾವುದು ಅಂತ ಲಿವರ್, ಕಿಡ್ನಿ ಪರೀಕ್ಷೆ ಮಾಡಿ ಡಾಕ್ಟರ್ ಹೇಳಬೇಕು, ನಾನಲ್ಲ.

ನನ್ನ ಡಾಕ್ಟರ್ ಬೀಗರೂಟದ ಬಗ್ಗೆ ಹೆಚ್ಚು ಕೇಳಲೇ ಇಲ್ಲ. 'ಅದಕ್ಕೂ ಮೂರು ವಾರ ಹಿಂದಿನದು ಹೇಳಿ' ಅಂದರು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಸರ್ವರ್ ಬಿದ್ದರೆ ಅದನ್ನು ಗುಜರಿಗೆ ಹಾಕುವ ಮುಂಚೆ ಲಾಗ್ ತೆಗೆದು ನೋಡಬೇಕು ಅನ್ನುವಷ್ಟು ಬುದ್ಧಿ ಆ ನಾಲ್ಕು ವರ್ಷದಲ್ಲಿ ಬಂದಿದೆ. ಕೂತು ಬರೆದೆ. ಚುನಾವಣಾ ಫಲಿತಾಂಶದ ವಾರ ಮೂರು ರಾತ್ರಿ ನಿದ್ದೆ ಇಲ್ಲ. ಪ್ರತಿ ಗುರುವಾರ ಹೋಗುತ್ತಿದ್ದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆ ಎರಡು ಸಲ ತಪ್ಪಿತು. 'ಈಗ ಸರಿಹೋಗಿದೀನಲ್ಲ' ಅಂತ ಮಾತ್ರೆ ನಿಲ್ಲಿಸಿದೆ, ಯಾರನ್ನೂ ಕೇಳಲಿಲ್ಲ. ಆಫೀಸಲ್ಲೊಂದು ಜಗಳ. ಮಧ್ಯಾಹ್ನದ ಊಟದ ಜಾಗಕ್ಕೆ ಟೀ, ಸಿಗರೇಟು. ಸಭೆಯ ಹಿರಿಯರು ಹಸಿವು, ಕೋಪ, ಒಂಟಿತನ, ದಣಿವು ಈ ನಾಲ್ಕನ್ನು ನೋಡಿಕೋ ಅನ್ನುತ್ತಾರೆ. ನಾಲ್ಕೂ ತುಂಬಿಸಿಕೊಂಡೇ ನಾನು ಬಸ್ ಹತ್ತಿದ್ದೆ. ಬಾಮೈದನ ಲೋಟ ಬರೀ ಕೊನೇ ಎಂಟ್ರಿ.

ಸಭೆಗೆ ವಾಪಸ್ ಹೋಗುವುದು ಆಸ್ಪತ್ರೆಗೆ ಹೋಗುವುದಕ್ಕಿಂತ ಕಷ್ಟವಾಯಿತು. ಅಲ್ಲಿ ದಿನ ಎಣಿಸುವ ಪದ್ಧತಿ ಇದೆ, ಕುಡಿದರೆ ಎಣಿಕೆ ಮತ್ತೆ ಒಂದರಿಂದ. ಸೊನ್ನೆ ಅಂದಾಗ ಹೊಟ್ಟೆಯಲ್ಲಿ ಕಿವುಚಿದಂತಾಯಿತು. ಈ ಲೆಕ್ಕದ ಬಗ್ಗೆ ನನಗೆ ಈಗಲೂ ತಕರಾರಿದೆ. 324 ದಿನ ಕುಡಿಯದಿದ್ದದ್ದು ಎಲ್ಲಿಗೆ ಹೋಯಿತು? ಆ ದಿನಗಳಲ್ಲಿ ಇಳಿದ ಲಿವರ್ ಊತ, ತೀರಿಸಿದ ಸಾಲ, ಮಗಳ ಜೊತೆ ಕಲಿತ ಈಜು ಯಾವುದೂ ಸೊನ್ನೆಯಾಗಿಲ್ಲ. ಹಾಗಂತ ಅಲ್ಲೇ ಹೇಳಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು 'ಎಣಿಕೆ ಬೇಡ ಅಂದ್ರೆ ಬಿಡಿ ಸ್ವಾಮಿ, ಬರೋದು ಬಿಡಬೇಡಿ' ಅಂದರು.

ಇದೆಲ್ಲಾ ನನಗೆ ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆ ಅಂತಲೇ ಪರಿಗಣಿಸುತ್ತದೆ. ಅಂದರೆ ಚಿಕಿತ್ಸೆ ಕೇಳುವುದು ಹಕ್ಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರ ಇದೆ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿರುತ್ತಾರೆ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು. ನಡುಕ ಜೋರಾಗಿದ್ದರೆ, ಫಿಟ್ಸ್ ಬಂದರೆ, ಮಾತು ತಪ್ಪುತ್ತಿದ್ದರೆ ಫೋನಲ್ಲಿ ಸಲಹೆ ಕೇಳುತ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಬರುವ ತಿಂಗಳು ಅದೇ ಊರಲ್ಲಿ ಇನ್ನೊಂದು ಬೀಗರೂಟ. ಈ ಸಲ ಮುಂಚೆಯೇ ಬಾಮೈದನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ, ಆ ನಾಲ್ಕು ದಿನದ್ದೂ ಸೇರಿಸಿ. ಪಂಪ್‌ಹೌಸ್ ಹಿಂದಕ್ಕೆ ಬರಲ್ಲ, ಉಂಡು ಮೂರು ಗಂಟೆಗೆ ಹೊರಡ್ತೀನಿ, ಹೆಂಡತಿ ಮಗಳು ಜೊತೆಗೇ ವಾಪಸ್ ಬರ್ತಾರೆ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: 'ಆಯ್ತು ಭಾವ. ಬೋಟಿ ಗೊಜ್ಜಾದ್ರೂ ತಿಂತೀರ ತಾನೆ?'