ಹೊಗೆಯಾಗಿ ಹೋಗುವುದು ನಿಮ್ಮದೇ ಡೀಸೆಲ್ಲು

ಬೆಳಗಿನ ಜಾವ ದೇವನಹಳ್ಳಿಯ ಹೆದ್ದಾರಿ ಪಕ್ಕದಲ್ಲಿ ನಿಂತು ನೋಡಿದರೆ ಸಾಲು ಸಾಲಾಗಿ ದೀಪಗಳು ಕಾಣುತ್ತವೆ. ದ್ರಾಕ್ಷಿ, ಹೂಕೋಸು, ಸೇವಂತಿಗೆ ತುಂಬಿಕೊಂಡ ಪಿಕಪ್ ವ್ಯಾನುಗಳು ಬೆಂಗಳೂರಿನ ಮಾರುಕಟ್ಟೆಗೆ ಓಡುತ್ತಿರುತ್ತವೆ. ಹೈದರಾಬಾದ್ ಕಡೆಯ ಲಾರಿಗಳು ಅವುಗಳ ಬೆನ್ನಿಗಿರುತ್ತವೆ. ಎದುರಿನಿಂದ ವಿಮಾನ ನಿಲ್ದಾಣದ ಟ್ಯಾಕ್ಸಿಗಳು ಬರುತ್ತವೆ. 2008ರ ಮೇ ತಿಂಗಳಲ್ಲಿ ಈ ನಿಲ್ದಾಣ ತೆರೆದ ಮೇಲೆ ನಮ್ಮ ರಸ್ತೆಗೆ ರಾತ್ರಿ ಹಗಲೆಂಬ ಭೇದ ಉಳಿದಿಲ್ಲ. ಈ ವಾಹನಗಳಲ್ಲಿ ಬಹಳಷ್ಟು ಇನ್ನೂ ಡೀಸೆಲ್ಲಿನವೇ.

‘ಪೇಟೆಯ ಗಾಳಿ ಕೆಟ್ಟರೆ ಪೇಟೆಯವರು ನೋಡಿಕೊಳ್ಳಲಿ, ನಮಗೇನು?’ ಎನ್ನುವ ರೈತರುಂಟು. ನಮಗೂ ಇದೆ. ಆ ಹೊಗೆಯಲ್ಲಿ ನಮ್ಮ ಪಾಲಿದೆ; ಅದರಿಂದಾಗುವ ನಷ್ಟದಲ್ಲಿಯೂ ನಮ್ಮ ಪಾಲಿದೆ.

ಹೊಗೆಯಲ್ಲಿ ಏನಿದೆ?

ಡೀಸೆಲ್ ಹೊಗೆಯಲ್ಲಿ ಮುಖ್ಯವಾಗಿ ಎರಡು ಕೇಡುಗಳಿವೆ. ಮೊದಲನೆಯದು ಮಸಿ. ಇದರ ಕಣಗಳು ತಲೆಗೂದಲಿನ ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಸಣ್ಣವು. ಮೂಗಿನಲ್ಲಿ ನಿಲ್ಲದೆ ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಸಾರಿತು. ಇಂಥ ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ನಿಯಮ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿಕೊಟ್ಟ ಮಿತಿ ಕೇವಲ 5. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರಿನ ಜೊತೆಗೆ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳೂ ಸೇರಿವೆ.

ಎರಡನೆಯ ಕೇಡು ಸಾರಜನಕದ ಆಕ್ಸೈಡುಗಳು. ಇವು ಇತರ ಆವಿಗಳೊಡನೆ ಬಿಸಿಲಿನಲ್ಲಿ ಬೆರೆತು ಓಜೋನ್ ಅನಿಲವಾಗುತ್ತವೆ. ಮೇಲಿನ ಆಕಾಶದಲ್ಲಿ ನಮ್ಮನ್ನು ಕಾಯುವ ಓಜೋನ್, ನೆಲದ ಹತ್ತಿರ ಬೆಳೆಗೆ ವಿಷ. ಇದು ಹೊಗೆ ಎದ್ದ ಕಡೆಯಲ್ಲೇ ಹುಟ್ಟಬೇಕೆಂದಿಲ್ಲ. ಗಾಳಿಯೊಡನೆ ಹರಿದು, ಕೆಲವು ಗಂಟೆಗಳ ಬಳಿಕ ಹತ್ತಾರು ಮೈಲಿ ದೂರದ ಹೊಲದ ಮೇಲೆ ಮೂಡಬಹುದು. ದ್ರಾಕ್ಷಿ ಎಲೆಯ ಮೇಲ್ಭಾಗದಲ್ಲಿ ಸೂಜಿಯಿಂದ ಚುಚ್ಚಿದಂತೆ ಕಂದು ಚುಕ್ಕೆಗಳನ್ನು ಮೂಡಿಸುವುದು ಓಜೋನ್ ಎಂಬುದನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1958ರಲ್ಲಿ ತೋರಿಸಲಾಯಿತು. ಬೆಂಗಳೂರು ನೀಲಿ ದ್ರಾಕ್ಷಿಯ ನಾಡಾದ ನಾವು ಈ ಮಾತನ್ನು ಮರೆಯುವಂತಿಲ್ಲ.

ಈವರೆಗೆ ಆದ ಕೆಲಸ

ಹೊಗೆ ತಗ್ಗಿಸುವ ಮೊದಲ ಕೆಲಸ ಎಣ್ಣೆಯಲ್ಲಿಯೇ ಆಯಿತು. 2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಬಿಎಸ್-6 ಡೀಸೆಲ್ ಬಂದಿತು. ಹಿಂದೆ ಹತ್ತು ಲಕ್ಷ ಪಾಲಿನಲ್ಲಿ 50 ಪಾಲು ಗಂಧಕವಿರಬಹುದಿತ್ತು. ಈಗ ಅದು 10ಕ್ಕೆ ಇಳಿದಿದೆ. ಅದೇ ವರ್ಷ ದೇಶದ ಅತಿ ದೊಡ್ಡ ಕಾರು ಕಂಪನಿ ಡೀಸೆಲ್ ಕಾರು ತಯಾರಿಸುವುದನ್ನೇ ಬಿಟ್ಟಿತು. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ 2021ರ ಕೊನೆಯಲ್ಲಿ ವಿದ್ಯುತ್ ಬಸ್ಸುಗಳನ್ನು ಓಡಿಸಲಾರಂಭಿಸಿತು.

ಆದರೆ ಕಾಗದದ ಮೇಲಿನ ನಿಯಮವೊಂದೇ ಸಾಲದು. 2015ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ, ಪರೀಕ್ಷೆಯ ವೇಳೆಯಲ್ಲಿ ಮಾತ್ರ ಕಡಿಮೆ ಹೊಗೆ ತೋರಿಸುವ ಉಪಾಯವನ್ನು ಸುಮಾರು ಒಂದು ಕೋಟಿ ಹತ್ತು ಲಕ್ಷ ಡೀಸೆಲ್ ಕಾರುಗಳಲ್ಲಿ ಅಡಗಿಸಿದ್ದು ಬಯಲಾಯಿತು. ಪರೀಕ್ಷೆಯ ಚೀಟಿಗಿಂತ ರಸ್ತೆಯ ಮೇಲಿನ ಹೊಗೆಯೇ ಸತ್ಯ.

ಹೊಗೆಯ ಬಣ್ಣ ನೋಡಿ

ನಮ್ಮಲ್ಲಿ ಇನ್ನೂ ಹಳೆಯ ಟ್ರ್ಯಾಕ್ಟರು, ಪಂಪು, ವ್ಯಾನುಗಳೇ ಹೆಚ್ಚು. ಇವುಗಳ ಹೊಗೆ ತಗ್ಗಿಸುವುದು ಮಾಲೀಕರ ಕೈಯಲ್ಲೇ ಇದೆ. ದನದ ಸಗಣಿ ನೋಡಿ ರೋಗ ತಿಳಿಯುವಂತೆ ಹೊಗೆಯ ಬಣ್ಣ ನೋಡಿ ಎಂಜಿನ್ನಿನ ರೋಗ ತಿಳಿಯಬಹುದು.

ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲವೆಂದು ಅರ್ಥ. ಗಾಳಿ ಶೋಧಕ ಕಟ್ಟಿಕೊಂಡಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು ಅಥವಾ ಹೊರೆ ಮಿತಿಮೀರಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗು ಸವೆದಿರಬಹುದು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಧನ ಸಿಡಿಸುವ ಕಾಲ ತಪ್ಪಿದೆ ಅಥವಾ ನೀರು ಒಳಗೆ ಸೇರಿದೆ ಎಂದು ತಿಳಿದು ಮೆಕ್ಯಾನಿಕ್‌ಗೆ ತೋರಿಸಬೇಕು.

ಎಣ್ಣೆ ಬಟ್ಟಲಿನ ಗಾಳಿ ಶೋಧಕವಿದ್ದರೆ ಉಳುಮೆಯ ಕಾಲದಲ್ಲಿ ಆಗಾಗ ಬಟ್ಟಲು ತೆಗೆದು ಕೆಸರು ತೊಳೆದು, ಗುರುತಿನ ಮಟ್ಟಕ್ಕೆ ಹೊಸ ಎಣ್ಣೆ ತುಂಬಬೇಕು. ಕಾಗದದ ಶೋಧಕವನ್ನು ನೀರಿನಲ್ಲಿ ತೊಳೆಯಬಾರದು, ನೆಲಕ್ಕೆ ಬಡಿಯಲೂ ಬಾರದು. ಒಳಗಿನಿಂದ ಹೊರಕ್ಕೆ ಹದವಾಗಿ ಗಾಳಿ ಊದಿಸಿ, ಅವಧಿ ಮುಗಿದಾಗ ಬದಲಿಸಬೇಕು. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಅಗ್ಗವೆಂದು ಕೊಳ್ಳಬೇಡಿ. ಅದರಲ್ಲಿ ಜಿಡ್ಡು ಕಡಿಮೆ. ಪಂಪು ಬೇಗ ಸವೆಯುತ್ತದೆ. ಸರಕು ತುಂಬುವಾಗ ಎಂಜಿನ್ ನಿಲ್ಲಿಸಿ. ಹೊಗೆ ಪರೀಕ್ಷಾ ಪತ್ರವನ್ನು ಬಿಎಸ್-4 ಮತ್ತು ಅನಂತರದ ವಾಹನಗಳಿಗೆ ವರ್ಷಕ್ಕೊಮ್ಮೆ, ಹಳೆಯ ವಾಹನಗಳಿಗೆ ಆರು ತಿಂಗಳಿಗೊಮ್ಮೆ ಮಾಡಿಸಬೇಕು.

ಇದರ ಲಾಭವನ್ನು ಹೀಗೆ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 500 ಗಂಟೆ ದುಡಿಯುವ ಟ್ರ್ಯಾಕ್ಟರಿನಲ್ಲಿ ಗಂಟೆಗೆ ಕಾಲು ಲೀಟರ್ ಉಳಿದರೂ ವರ್ಷಕ್ಕೆ 125 ಲೀಟರ್ ಡೀಸೆಲ್ ಉಳಿಯುತ್ತದೆ. ಹೊಸ ಶೋಧಕದ ಬೆಲೆ ಅದರ ಮುಂದೆ ಏನೂ ಅಲ್ಲ.

ಚೀಲದ ಯೂರಿಯಾ ಬೇಡ

ಹೊಸ ಬಿಎಸ್-6 ವಾಹನಗಳ ಆರೈಕೆ ಬೇರೆ. ಹೊಗೆ ಕೊಳವೆಯಲ್ಲಿರುವ ಮಸಿ ಶೋಧಕವು ಮಸಿಯನ್ನು ಹಿಡಿದಿಟ್ಟು, ಕಾದಾಗ ಸುಟ್ಟುಬಿಡುತ್ತದೆ. ಯಾವಾಗಲೂ ಹತ್ತಿರದ ದಾರಿಯಲ್ಲೇ ನಿಂತು ನಿಂತು ಓಡುವ ವಾಹನದಲ್ಲಿ ಅದಕ್ಕೆ ಬೇಕಾದಷ್ಟು ಶಾಖ ಸಿಗದೆ ಕಟ್ಟಿಕೊಳ್ಳುತ್ತದೆ. ಎಚ್ಚರಿಕೆಯ ದೀಪ ಹತ್ತಿದರೆ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಬೇಕು. ಶೋಧಕವನ್ನು ಕಿತ್ತುಹಾಕಿಸುವುದು ಕಾನೂನಿಗೂ ವಿರೋಧ, ಆರೋಗ್ಯಕ್ಕೂ ಕೇಡು.

ಲಾರಿಗಳಲ್ಲಿ ಮತ್ತು ಇತರ ಕೆಲವು ವಾಹನಗಳಲ್ಲಿ ಯೂರಿಯಾ ದ್ರಾವಣದ ತೊಟ್ಟಿಯೂ ಇರುತ್ತದೆ. ಬಿಸಿ ಹೊಗೆಯಲ್ಲಿ ಯೂರಿಯಾ ಅಮೋನಿಯವಾಗಿ, ಸಾರಜನಕದ ಆಕ್ಸೈಡುಗಳನ್ನು ಬರಿಯ ಸಾರಜನಕ ಮತ್ತು ನೀರಾಗಿ ಮಾರ್ಪಡಿಸುತ್ತದೆ. ಈ ದ್ರಾವಣದಲ್ಲಿ ಅತಿ ಶುದ್ಧ ಯೂರಿಯಾ ಶೇಕಡ 32.5ರಷ್ಟಿರುತ್ತದೆ. ‘ಮನೆಯಲ್ಲಿ ಯೂರಿಯಾ ಇದೆಯಲ್ಲಾ’ ಎಂದು ಗೊಬ್ಬರದ ಚೀಲದಿಂದ ಕಲಸಿ ಹಾಕಬೇಡಿ. ಅದಕ್ಕೆ ಬೇವಿನೆಣ್ಣೆಯ ಲೇಪವಿದೆ, ಕಲ್ಮಶವಿದೆ. ದುಬಾರಿಯಾದ ಯಂತ್ರಭಾಗವೇ ಹಾಳಾಗುತ್ತದೆ. ಸಬ್ಸಿಡಿ ಗೊಬ್ಬರವನ್ನು ಹೀಗೆ ಬಳಸುವುದು ಅಪರಾಧವೂ ಹೌದು.

ಬದುವಿನ ಹೊಂಗೆ

1900ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ಹಳ್ಳಿಗಳಲ್ಲಿ ನೀರೆತ್ತುವುದನ್ನು ಮಾಡಿ ತೋರಿಸಿದರು. 2030ರ ವೇಳೆಗೆ ಡೀಸೆಲ್ಲಿನಲ್ಲಿ ಶೇಕಡ 5ರಷ್ಟು ಜೈವಿಕ ಡೀಸೆಲ್ ಬೆರೆಸಬೇಕೆಂದು 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಗುರಿ ಇಟ್ಟಿದೆ. ಹಾಗೆಂದು ಗಾಣದ ಎಣ್ಣೆಯನ್ನು ನೇರವಾಗಿ ಹೊಸ ವಾಹನಕ್ಕೆ ಸುರಿಯಬಾರದು. ಅದು ಮಂದವಾದದ್ದು, ಇಂಜೆಕ್ಟರ್ ಕಟ್ಟುತ್ತದೆ. ಸಂಸ್ಕರಿಸಿದ ಮೇಲೆಯೇ ಅದು ಜೈವಿಕ ಡೀಸೆಲ್. ಆದರೆ ಬದುವಿನ ಮೇಲೊಂದು ಹೊಂಗೆ ಸಾಲು ಹಾಕಲು ಅಡ್ಡಿಯಿಲ್ಲ. ಬೀಜ ಮಾರಾಟಕ್ಕೆ, ಸೊಪ್ಪು ಗೊಬ್ಬರಕ್ಕೆ, ಹಿಂಡಿ ಹೊಲಕ್ಕೆ. ರಸ್ತೆ ಬದಿಯ ಧೂಳಿಗೂ ಅದು ತಡೆ.

ಬೆಂಗಳೂರಿನ ರಸ್ತೆಗಳಲ್ಲಿ ಉಸಿರಾಡುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಓದಲು ಹೋದವರು, ಕೆಲಸಕ್ಕೆ ಹೋದವರು, ತರಕಾರಿ ವ್ಯಾನಿನ ಚಕ್ರ ಹಿಡಿದವರು ಅಲ್ಲಿದ್ದಾರೆ. ನಾಳೆ ಬೆಳಿಗ್ಗೆ ಎಂಜಿನ್ ಹಚ್ಚಿದಾಗ ಒಮ್ಮೆ ಕೆಳಗಿಳಿದು ಹಿಂದಕ್ಕೆ ಬಂದು ಹೊಗೆಯನ್ನು ನೋಡಿ. ಅದು ಕಪ್ಪಾಗಿದ್ದರೆ ಮಾರುಕಟ್ಟೆಯಿಂದ ಬಂದ ಹಣದಲ್ಲಿ ಮೊದಲು ಶೋಧಕ ತನ್ನಿ.